ಭೀಮಾ ಸೀಮೆಯ ಸವೆದ ವಾದ್ಯಗಳು

ಕಲಬುರಗಿ ನಗರವನ್ನು ನಡುವೆ ಇಟ್ಟು ನೋಡಿದರೆ ಆಳಂದ ವಾಯವ್ಯಕ್ಕಿದೆ, ಅಫಜಲಪುರ ಪಶ್ಚಿಮಕ್ಕಿದೆ, ಜೇವರ್ಗಿ ದಕ್ಷಿಣಕ್ಕಿದೆ. ಮೂರೂ ತಾಲ್ಲೂಕುಗಳ ನೆಲ ಹೆಚ್ಚುಕಡಿಮೆ ಒಂದೇ ಬಗೆಯದು. ಕಣ್ಣು ಹಾಯುವಷ್ಟು ದೂರ ಎರೆಮಣ್ಣು. ಅದರ ಮೇಲೆ ತೊಗರಿ, ಜೋಳ, ಹತ್ತಿ. ಬದುವಿನಲ್ಲಿ ಬೇವು, ಜಾಲಿ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಳೆ ಬಿದ್ದ ದಿನ ಕಾಲಿಗೆ ಅಂಟುವ ಅದೇ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಗಾಳಿಗೆ ಎದ್ದು, ಮನೆಯ ಒಳಗಿನ ಪಾತ್ರೆಪಗಡಗಳ ಮೇಲೂ ಕೂರುತ್ತದೆ.

ಪ್ರವಾಸಿಗರು ಈ ಸೀಮೆಗೆ ಬರುವುದು ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ, ಘತ್ತರಗಿಯ ಭಾಗ್ಯವಂತಿಗೆ, ಕಡಕೋಳದ ಮಡಿವಾಳಪ್ಪನವರ ಮಠಕ್ಕೆ. ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲದ ಇನ್ನೊಂದು ನೋಡತಕ್ಕ ಸಂಗತಿ ಇಲ್ಲಿದೆ. ಹಳ್ಳಿಯ ಹನುಮಂತ ದೇವರ ಗುಡಿಯಲ್ಲೋ ಮಠದ ಪಡಸಾಲೆಯಲ್ಲೋ ಗೋಡೆಯ ಗೂಟಕ್ಕೆ ತೂಗುಬಿದ್ದ ಏಕತಾರಿ, ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಪೇಟಿ, ಗಂಟು ಹಾಕಿದ ದಾರದಲ್ಲಿ ಜೋತ ತಾಳ, ಮಗ್ಗುಲಲ್ಲಿ ತಬಲಾ-ಡಗ್ಗಾ. ಇವು ಸೋಮವಾರ ಮತ್ತು ಅಮಾವಾಸ್ಯೆಯ ಭಜನೆಯ ಸಾಮಾನುಗಳು. ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದರ ಮೇಲೂ ಕೈಯ ಗುರುತು ಇರುತ್ತದೆ. ಕೆಲವು ಕಡೆ ಮೆರುಗು ಹೋಗಿದೆ, ಕೆಲವು ಕಡೆ ಮರವೇ ತಗ್ಗಾಗಿದೆ, ಕೆಲವು ಕಡೆ ಲೋಹ ಕನ್ನಡಿಯಂತೆ ಹೊಳೆಯುತ್ತದೆ.

ಈ ಸವೆತ ಹೇಗೆ ಬರುತ್ತದೆ, ಅದು ಏನನ್ನು ಹೇಳುತ್ತದೆ, ಅದನ್ನು ಅಳಿಸಬೇಕೆ ಉಳಿಸಬೇಕೆ ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಸಣ್ಣವು. ಆದರೆ ಹಳೆಯ ಹಾಡುಗಾರರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವ ಹೊತ್ತಿನಲ್ಲಿ ಅವರು ಹಿಡಿದ ವಾದ್ಯಗಳಿಗೆ ಏನಾಗುತ್ತದೆ ಎಂಬುದು ಸಣ್ಣ ಮಾತಲ್ಲ.

ಆಳಂದ: ಪೇಟಿಯ ಮನೆಗಳು

ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಆಳಂದ ಹಳೆಯ ಊರು. ಹನ್ನೆರಡನೆಯ ಶತಮಾನದ ಶಿವಶರಣ ಏಕಾಂತದ ರಾಮಯ್ಯ ಹುಟ್ಟಿದ್ದು ಇದೇ ಅಲಂದೆಯಲ್ಲಿ. ಲಾಡ್ಲೆ ಮಶಾಕರ ದರ್ಗಾಕ್ಕೆ ಜಾತಿ ಮತದ ಭೇದವಿಲ್ಲದೆ ಜನ ನಡೆದುಕೊಳ್ಳುತ್ತಾರೆ. ಶರಣರ ಹೆಸರೂ ಸೂಫಿಗಳ ಹೆಸರೂ ಒಂದೇ ಉಸಿರಿನಲ್ಲಿ ಬರುವ ಈ ಊರಿನ ಆಸುಪಾಸಿನಲ್ಲಿ ಭಜನೆಗೂ ಖವ್ವಾಲಿಗೂ ಸಾಮಾನ್ಯವಾದ ವಾದ್ಯವೆಂದರೆ ಪೇಟಿ, ಅಂದರೆ ಹಾರ್ಮೋನಿಯಂ.

ಪೇಟಿ ಈ ನೆಲದ್ದಲ್ಲ. 1840ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ ಎಂಬಾತ ಕಾಲಿನಿಂದ ತಿದಿಯೊತ್ತುವ ದೊಡ್ಡ ಹಾರ್ಮೋನಿಯಂ ಮಾಡಿದ. ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿ ಒತ್ತುತ್ತ ಇನ್ನೊಂದು ಕೈಯಿಂದ ನುಡಿಸುವ ಕೈಪೇಟಿಯ ರೂಪ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರ ಕಾರ್ಖಾನೆಯಲ್ಲಿ 1875ರ ಸುಮಾರಿಗೆ ಬಂದಿತು. ಶಾಸ್ತ್ರೀಯ ಸಂಗೀತಕ್ಕೆ ಇದು ಒಗ್ಗುವುದಿಲ್ಲವೆಂದು ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ದೂರವಿಟ್ಟಿತ್ತು. ಹಳ್ಳಿಯ ಭಜನಾ ಮೇಳಗಳು ಮಾತ್ರ ಅದನ್ನು ಎಂದೂ ಕೈಬಿಡಲಿಲ್ಲ.

ಐವತ್ತು ಅರವತ್ತು ವರ್ಷ ನುಡಿಸಿದ ಪೇಟಿಯ ಮನೆಗಳನ್ನು ಓರೆ ಬೆಳಕಿನಲ್ಲಿ ನೋಡಬೇಕು. ಎಲ್ಲ ಮನೆಗಳೂ ಸಮನಾಗಿ ಸವೆದಿರುವುದಿಲ್ಲ. ಮೂರು ಅಥವಾ ಮೂರೂವರೆ ಸಪ್ತಕದ ಪೇಟಿಯಲ್ಲಿ ಎರಡೂ ತುದಿಯ ಮನೆಗಳು ಹೊಸತರಂತೆ ಇರುತ್ತವೆ. ನಡುವಿನ ಒಂದೂವರೆ ಸಪ್ತಕ ತಗ್ಗು ಬಿದ್ದಿರುತ್ತದೆ. ಆ ತಗ್ಗುಗಳಲ್ಲೂ ಒಂದು ಕ್ರಮ ಇರುತ್ತದೆ. ಬಿಳಿ ಒಂದನ್ನು ಷಡ್ಜವಾಗಿ ಹಿಡಿದು ಶುದ್ಧ ಸ್ವರಗಳನ್ನು ನುಡಿಸಿದರೆ ಏಳೂ ಬಿಳಿ ಮನೆಗಳೇ ಬೇಕು. ಅದೇ ಹಾಡನ್ನು ಕರಿ ಒಂದರಿಂದ ಎತ್ತಿಕೊಂಡರೆ ಐದು ಕರಿ ಮನೆ, ಎರಡು ಬಿಳಿ ಮನೆ ಬೇಕು. ಹಾಗಾಗಿ ಕರಿ ಮನೆಗಳು ಹೆಚ್ಚು ಸವೆದ ಪೇಟಿಯನ್ನು ಕಂಡರೆ ಆ ಊರಿನ ಮುಖ್ಯ ಹಾಡುಗಾರ ಯಾವ ಪಟ್ಟಿಯಲ್ಲಿ ಹಾಡುತ್ತಿದ್ದನೆಂದು, ಆತ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದರೂ, ಊಹಿಸಬಹುದು. ತೀರಿಹೋದವನ ದನಿ ಎಷ್ಟು ಎತ್ತರದ್ದಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ.

ಹೊರಗೆ ಕಾಣುವ ಸವೆತದ ಜೊತೆಗೆ ಒಳಗೆ ನಡೆಯುವ ಸವೆತವೂ ಇದೆ. ಪೇಟಿಯ ದನಿ ಹೊರಡುವುದು ತೆಳುವಾದ ಹಿತ್ತಾಳೆಯ ನಾಲಿಗೆಗಳಿಂದ. ಸೆಕೆಂಡಿಗೆ 240 ಸಲ ಕಂಪಿಸುವ ಒಂದು ನಾಲಿಗೆ ಒಂದು ತಾಸು ಎಡೆಬಿಡದೆ ನುಡಿದರೆ 8,64,000 ಸಲ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಬಾಗಿಸಿ ಮುರಿಯುವುದು ಮಕ್ಕಳಿಗೆಲ್ಲ ಗೊತ್ತು; ಲೋಹದ ಈ ದಣಿವೇ ನಾಲಿಗೆಯ ಬುಡದಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ನಾಲಿಗೆ ಮೆತ್ತಗಾಗಿ ಸ್ವರ ಇಳಿಯುತ್ತದೆ. ಪೇಟಿ ರಿಪೇರಿ ಮಾಡುವವರು ನಾಲಿಗೆಯ ತುದಿಯನ್ನು ಕೊಂಚ ಕೆರೆದರೆ ಭಾರ ಕಡಿಮೆಯಾಗಿ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಹಳೆಯ ಪೇಟಿಯ ನಾಲಿಗೆಗಳ ಮೇಲಿನ ಕೆರೆತದ ಗೆರೆಗಳು ಎಷ್ಟು ಸಲ ಯಾರೋ ಅದನ್ನು ಕೂಡಿಸಿ ಕೊಟ್ಟಿದ್ದಾರೆ ಎಂಬುದಕ್ಕೆ ಗುರುತು.

ಇಂಥ ಪೇಟಿಯ ಮುಂದೆ ಅಜ್ಜ ಮೊಮ್ಮಗನ ನಡುವೆ ನಡೆಯುವ ಮಾತು ಈ ಸೀಮೆಯಲ್ಲಿ ಅಪರೂಪವಲ್ಲ.

“ಮುತ್ಯಾ, ಈ ಪೇಟಿ ಭಾಳ ಹಳೇದಾಗ್ಯಾದ. ಮಾರಿ ಹೊಸಾದು ತರೋಣೇನು?”

“ನಿಮ್ಮ ಆಯಿನೂ ಹಳೇಕಿ ಆಗ್ಯಾಳ ತಮ್ಮಾ, ಬಿಟ್ಟೀನೇನು?”

ಮುತ್ಯಾನ ಉತ್ತರದಲ್ಲಿ ನಗೆಯಿದೆ. ಮೊಮ್ಮಗನ ಪ್ರಶ್ನೆಯಲ್ಲೂ ತಪ್ಪಿಲ್ಲ. ಗಾಳಿ ಸೋರುವ, ಸ್ವರ ಕೂಡದ ಪೇಟಿಯನ್ನು ಇಟ್ಟುಕೊಂಡು ಹಾಡುವುದು ಹೇಗೆ? ಉತ್ತರ ಕೊಡುವ ಮೊದಲು ಸವೆತದ ಲೆಕ್ಕವನ್ನು ತಿಳಿಯಬೇಕು.

ಸವೆತದ ಲೆಕ್ಕ

ಎರಡು ವಸ್ತುಗಳು ಒಂದಕ್ಕೊಂದು ತಿಕ್ಕಿದಾಗ ಎಷ್ಟು ಸವೆಯುತ್ತವೆ ಎಂಬುದಕ್ಕೆ ಆರ್ಚರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1953ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಒತ್ತುವ ಬಲ ಹೆಚ್ಚಿದಷ್ಟೂ ಸವೆತ ಹೆಚ್ಚು; ತಿಕ್ಕಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು; ಮೇಲ್ಮೈ ಗಟ್ಟಿಯಾದಷ್ಟೂ ಸವೆತ ಕಡಿಮೆ. ಯಂತ್ರದ ಬೇರಿಂಗಿಗೂ ದೇವಸ್ಥಾನದ ಮೆಟ್ಟಿಲಿಗೂ ಏಕತಾರಿಯ ಕೋಲಿಗೂ ಮೂಲ ತತ್ವ ಇದೇ.

ಮೆತ್ತಗಿನ ಬೆರಳು ಗಟ್ಟಿ ಮರವನ್ನು ಸವೆಸುವುದೆಂತು ಎಂದು ಕೇಳಬಹುದು. ಒಂದು ಲೆಕ್ಕ ಮಾಡಿ ನೋಡೋಣ. ವಾರಕ್ಕೊಮ್ಮೆ ಎರಡು ತಾಸು ಭಜನೆ, ನಿಮಿಷಕ್ಕೆ 60 ಮೀಟು ಎಂದು ಇಟ್ಟುಕೊಂಡರೆ ಒಂದು ರಾತ್ರಿಗೆ 7,200 ಮೀಟು. ವರ್ಷದ 52 ವಾರಕ್ಕೆ 3,74,400. ಮೂವತ್ತು ವರ್ಷಕ್ಕೆ 1,12,32,000. ಪ್ರತಿ ಮೀಟಿಗೂ ಬೆರಳು ಅಥವಾ ಅಂಗೈ ಒಂದು ಸೆಂಟಿಮೀಟರ್ ಜಾರಿದರೆ ಒಟ್ಟು ದೂರ 112 ಕಿಲೋಮೀಟರ್ ದಾಟುತ್ತದೆ. ಕಲಬುರಗಿಯಿಂದ ಸೊಲ್ಲಾಪುರಕ್ಕೆ ಸುಮಾರು ಅಷ್ಟೇ ದೂರ! ಅಷ್ಟು ದೂರವನ್ನು ಒಂದು ಬೆರಳು ಮರದ ಒಂದೇ ಜಾಗದ ಮೇಲೆ ನಡೆದಿದೆ ಎಂದಾಗ ಮರ ತಗ್ಗಾದದ್ದು ಸೋಜಿಗವಾಗದು.

ಬೆರಳು ಒಂಟಿಯಾಗಿ ಕೆಲಸ ಮಾಡುವುದೂ ಇಲ್ಲ. ಅದಕ್ಕೆ ಇಬ್ಬರು ಸಹಾಯಕರಿದ್ದಾರೆ. ಒಂದು, ಧೂಳು. ಗಾಳಿಯ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಹರಳುಗಳಿರುತ್ತವೆ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7. ಸಾಮಾನ್ಯ ಕಬ್ಬಿಣಕ್ಕಿಂತ ಹೆಚ್ಚು. ದಿನವೆಲ್ಲ ಹೊಲದಲ್ಲಿ ದುಡಿದು ರಾತ್ರಿ ಭಜನೆಗೆ ಕೂರುವ ರೈತನ ಕೈಯ ಗೆರೆಗಳಲ್ಲಿ ಉಳಿದ ಧೂಳು ನುಣುಪು ಉಸುಕು ಕಾಗದದಂತೆ ವರ್ತಿಸುತ್ತದೆ. ಎರಡು, ಬೆವರು. ಬೆವರೆಂದರೆ ನೀರು, ಉಪ್ಪು, ಲ್ಯಾಕ್ಟಿಕ್ ಆಮ್ಲ, ಯೂರಿಯಾ ಮೊದಲಾದವುಗಳ ದ್ರಾವಣ. ಅದು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಅರಗಿನ ಪಾಲಿಶ್ ತೇವಕ್ಕೆ ಬಿಳಿಚಿಕೊಂಡು ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು ಧೂಳು ಒರೆಸಿಕೊಂಡು ಹೋಗುತ್ತದೆ. ಉಕ್ಕಿನ ತಂತಿಗೆ ತುಕ್ಕು ಹಿಡಿಸುವುದು, ಹಿತ್ತಾಳೆಯನ್ನು ಕಪ್ಪಾಗಿಸುವುದು ಕೂಡ ಇದೇ ಬೆವರಿನ ಉಪ್ಪು. ಕೆಲವರ ಕೈಯಲ್ಲಿ ತಂತಿ ಬೇಗ ಕೆಡುತ್ತದೆ, ಕೆಲವರ ಕೈಯಲ್ಲಿ ತಡವಾಗಿ. ಬೆವರಿನ ಗುಣ ಎಲ್ಲರದೂ ಒಂದೇ ಅಲ್ಲ.

ಇನ್ನು ಹವೆ. ಮರ ತೇವವನ್ನು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಏಪ್ರಿಲ್ ತಿಂಗಳ ಒಣ ಉರಿಯಿಂದ ಜುಲೈ ತಿಂಗಳ ಮಳೆಗೆ, ಅಲ್ಲಿಂದ ಡಿಸೆಂಬರಿನ ಚಳಿಗೆ ಬರುವಷ್ಟರಲ್ಲಿ ವಾದ್ಯದ ಪ್ರತಿ ಜೋಡಣೆಯೂ ಒಂದು ಸುತ್ತು ಎಳೆದಾಡಿ ಹೋಗಿರುತ್ತದೆ. ಚರ್ಮವೂ ಹಾಗೆಯೇ. ಮಳೆಗಾಲದಲ್ಲಿ ತಬಲಾದ ಪುಡಿ ಸಡಿಲಾಗಿ ಸ್ವರ ಇಳಿಯುತ್ತದೆ. ಹಲಗೆಯನ್ನು ಬೆಂಕಿಗೆ ಹಿಡಿದರೆ ಚರ್ಮದ ತೇವ ಆರಿ ಬಿಗಿಯಾಗುತ್ತದೆ. ತಬಲಾದ ನಡುವಿನ ಕರಿಯ ಕರಣೆ ಕಬ್ಬಿಣದ ಪುಡಿ ಮತ್ತು ಅಂಟಿನಿಂದ ಮಾಡಿದ್ದು. ಆ ಭಾರದಿಂದಲೇ ತಬಲಾಕ್ಕೆ ಸ್ಪಷ್ಟ ಸ್ವರ ಬರುತ್ತದೆ ಎಂಬುದನ್ನು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಬರೆದು ತೋರಿಸಿದ್ದರು. ಕರಣೆ ಚೂರುಚೂರಾಗಿ ಉದುರಿದ ತಬಲಾ ಏಕೆ ಬದ್ದಾಗುತ್ತದೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ.

ಅಫಜಲಪುರ: ಹೊಳೆಯ ದಂಡೆಯ ಸೋರೆ

ಭೀಮಾ ನದಿ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನ್ನಿಸಿಕೊಂಡು, ಮುಂದೆ ಅಫಜಲಪುರದ ಸೀಮೆಗೆ ಬರುತ್ತದೆ. ಒಟ್ಟು 861 ಕಿಲೋಮೀಟರ್ ಹರಿದು ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ನರಸಿಂಹ ಸರಸ್ವತಿಗಳು ನೆಲೆಸಿದ್ದ ಈ ಸಂಗಮಕ್ಕೆ ಕನ್ನಡ, ಮರಾಠಿ ಎರಡೂ ನಾಡಿನ ಯಾತ್ರಿಕರು ಬರುತ್ತಾರೆ. ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಗಳ ದರ್ಶನ ಮಾಡಿ, ಮಧುಕರಿ ಬೇಡಿ ಉಣ್ಣುವುದು ಇಲ್ಲಿನ ಪದ್ಧತಿ. ಬರುವ ದಿಂಡಿಗಳ ಕೈಯಲ್ಲಿ ತಾಳ, ಹೆಗಲಲ್ಲಿ ತಂಬೂರಿ.

ತಂಬೂರಿಗೂ ಈ ಹೊಳೆಗೂ ಒಂದು ನಂಟಿದೆ. ಮೇಲ್ದಂಡೆಯ ಪಂಢರಪುರ, ಮಂಗಳವೇಢೆಗಳ ಸುತ್ತಮುತ್ತ ಬೆಳೆಯುವ ದೊಡ್ಡ ಕಹಿ ಸೋರೆ ಅಡುಗೆಗೆ ಬಾರದು. ಒಣಗಿಸಿದರೆ ವಾದ್ಯಕ್ಕೆ ಬುರುಡೆಯಾಗುತ್ತದೆ. ಮಿರಜದ ಸಿತಾರ್, ತಂಬೂರಿ ಮಾಡುವ ಮನೆತನಗಳು ಈ ಬುರುಡೆಗಳನ್ನೇ ನೆಚ್ಚಿಕೊಂಡು ಬಂದಿವೆ. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಹಳ್ಳಿಯ ಏಕತಾರಿಗೆ ಅಷ್ಟು ದೊಡ್ಡ ಬುರುಡೆ ಬೇಕಿಲ್ಲ. ಚಿಕ್ಕ ಸೋರೆ, ಒಂದು ಕೋಲು, ಒಂದು ಬಿರಟೆ, ಒಂದು ಉಕ್ಕಿನ ತಂತಿ ಇದ್ದರಾಯಿತು.

ಆದರೆ ವಿಜ್ಞಾನದ ಕಣ್ಣಿಗೆ ಅಷ್ಟು ಸರಳವಾದ ಏಕತಾರಿಯೂ ಒಂದು ಪ್ರಯೋಗಶಾಲೆ. ತಂತಿಯ ಕಂಪನ ಮೂರು ಸಂಗತಿಗಳನ್ನು ಅವಲಂಬಿಸಿದೆ: ಉದ್ದ, ಬಿಗಿ, ಒಂದು ಮೀಟರಿಗೆ ಇರುವ ತೂಕ. 60 ಸೆಂಟಿಮೀಟರ್ ಉದ್ದ, 0.3 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಗೆ ಸುಮಾರು 2.2 ಕಿಲೋಗ್ರಾಂ ತೂಗುಬಿಟ್ಟಷ್ಟು ಬಿಗಿ ಕೊಟ್ಟರೆ ಅದು ಸೆಕೆಂಡಿಗೆ ಸುಮಾರು 165 ಸಲ ಕಂಪಿಸುತ್ತದೆ. ಹತ್ತನೆಯ ತರಗತಿ ದಾಟಿದ ವಿದ್ಯಾರ್ಥಿಗಳು ಉಕ್ಕಿನ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 7.8 ಗ್ರಾಂ ಎಂದು ಹಿಡಿದು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ತುಕ್ಕು ಮತ್ತು ಕೊಳೆ ತಂತಿಯ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕುಳಿತಾಗ ಅದರ ತೂಕ ಉದ್ದಕ್ಕೂ ಸಮನಾಗಿ ಉಳಿಯುವುದಿಲ್ಲ. ಆಗ ಮೂಲ ಸ್ವರದ ಮೇಲೆ ಏಳುವ ಮರಿಸ್ವರಗಳು ಒಂದಕ್ಕೊಂದು ಕೂಡದೆ ದನಿ ಮಂಕಾಗುತ್ತದೆ. ಹಳೆಯ ತಂತಿಯನ್ನು ಬದಲಿಸಬೇಕು ಎನ್ನುವುದಕ್ಕೆ ಕಾರಣ ಇದು.

ಕುದುರೆಯ ಮೇಲೆ ತಂತಿ ಕೊರೆದ ಗೆರೆ, ಕೋಲಿನ ಮೇಲೆ ತೋರುಬೆರಳು ಆಡಿದ ಕಡೆ ನುಣುಪಾದ ತಗ್ಗು, ಹೆಗಲಿಗೆ ಒರಗಿದ ಕಡೆ ಬಣ್ಣ ಹೋದ ಪಟ್ಟಿ, ಹಿಡಿದುಕೊಂಡಲ್ಲಿ ಎಣ್ಣೆಗಪ್ಪು: ಇವಿಷ್ಟನ್ನು ನೋಡಿದರೆ ಹಾಡುಗಾರ ಬಲಗೈಯವನೋ ಎಡಗೈಯವನೋ, ಕುಳಿತು ಹಾಡುತ್ತಿದ್ದನೋ ನಡೆಯುತ್ತ ಹಾಡುತ್ತಿದ್ದನೋ ತಿಳಿಯುತ್ತದೆ. ತಾಳಗಳ ಕತೆಯೂ ಹೀಗೆಯೇ. ಒಳ್ಳೆಯ ತಾಳ ಕಂಚಿನದು. ನೂರರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ ಸೇರಿದ ಈ ಮಿಶ್ರಲೋಹ ಗಡಸು, ಆದರೆ ಪೆಡಸು. ಅಂಚುಗಳು ಬಡಿದು ಬಡಿದು ಹೊಳೆಯುತ್ತವೆ, ನಡುವಿನ ತೂತು ದಾರ ಎಳೆದ ಕಡೆಗೆ ಕೋಳಿಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಕೈ ಮುಟ್ಟದ ತಗ್ಗಿನಲ್ಲಿ ಹಸಿರು ಕಿಲುಬು ಕೂರುತ್ತದೆ. ಅಂಚಿನಲ್ಲಿ ಒಂದು ಸೀಳು ಬಿಟ್ಟರೆ ಮಾತ್ರ ಆ ತಾಳದ ಆಯುಷ್ಯ ಮುಗಿದಂತೆ. ಸೀಳಿನ ಎರಡು ದಡಗಳು ಒಂದಕ್ಕೊಂದು ತಿಕ್ಕಿ ಕಂಪನದ ಶಕ್ತಿಯನ್ನು ನುಂಗಿಬಿಡುತ್ತವೆ.

ಕಡಲಾಚೆಯ ಒಂದು ಗಿಟಾರು

ಸವೆದ ವಾದ್ಯದ ಮೋಹ ನಮ್ಮ ಹಳ್ಳಿಗಳದ್ದಷ್ಟೇ ಅಲ್ಲ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಮಕ್ಕಳು ನೋಡುವ ಎಲೆಕ್ಟ್ರಿಕ್ ಗಿಟಾರಿನ ಲೋಕದಲ್ಲಿ ಅದೊಂದು ದೊಡ್ಡ ಚರ್ಚೆ. 1950–60ರ ದಶಕದ ಅನೇಕ ಅಮೆರಿಕನ್ ಗಿಟಾರುಗಳಿಗೆ ಬಳಿಯುತ್ತಿದ್ದದ್ದು ನೈಟ್ರೋಸೆಲ್ಯುಲೋಸ್ ಮೆರುಗು. ಹತ್ತಿಯಂಥ ಸಸ್ಯನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆಯುವ ವಸ್ತು ಅದು. ವರ್ಷ ಕಳೆದಂತೆ ಹಳದಿಯಾಗುತ್ತದೆ, ಕುಗ್ಗುತ್ತದೆ, ಚಳಿಯಿಂದ ಸೆಕೆಗೆ ಒಮ್ಮೆಲೇ ಬಂದರೆ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಮುಂಗೈ ಒರಗುವ ಅಂಚಿನಲ್ಲಿ ಬೆವರಿಗೆ ಕಿತ್ತುಹೋಗಿ ಬರಿ ಮರ ಕಾಣುತ್ತದೆ. ತಂತಿಯನ್ನು ಒತ್ತುವ ಲೋಹದ ಮೆಟ್ಟುಗಳು ತಾಮ್ರ, ನಿಕ್ಕಲ್, ಸತು ಸೇರಿದ ಜರ್ಮನ್ ಸಿಲ್ವರಿನವು. ಅವುಗಳಲ್ಲಿ ಉಕ್ಕಿನ ತಂತಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ.

ಐರ್ಲೆಂಡಿನ ರೋರಿ ಗ್ಯಾಲಗರ್ ಎಂಬ ವಾದಕ 1963ರಲ್ಲಿ ಕೊಂಡ, 1961ರಲ್ಲಿ ತಯಾರಾದ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರು ಇದಕ್ಕೆ ಪ್ರಸಿದ್ಧ ಉದಾಹರಣೆ. ಆತನ ಬೆವರಿಗೆ ಅದರ ಬಣ್ಣ ಬಹುಪಾಲು ಹೋಗಿಯೇ ಬಿಟ್ಟಿತ್ತು. 1995ರಲ್ಲಿ ಆತ ತೀರಿಕೊಂಡ. 2024ರಲ್ಲಿ ಲಂಡನ್ನಿನಲ್ಲಿ ಹರಾಜಾದ ಆ ಗಿಟಾರು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಸಂದಿತು. ಅಮೆರಿಕದ ವಿಲ್ಲಿ ನೆಲ್ಸನ್ ಎಂಬ ಹಾಡುಗಾರ 1969ರಲ್ಲಿ ಕೊಂಡ ಮಾರ್ಟಿನ್ ಗಿಟಾರಿನ ಮುಖಕ್ಕೆ, ಮೀಟಿ ಮೀಟಿ, ತೂತೇ ಬಿದ್ದಿದೆ. ಆತ ಅದನ್ನು ಬಿಟ್ಟಿಲ್ಲ.

ಜನ ಇಂಥ ಗುರುತುಗಳನ್ನು ಮೆಚ್ಚುತ್ತಾರೆಂದು ಕಂಡ ಫೆಂಡರ್ ಕಂಪನಿ 1995ರಲ್ಲಿ ಹೊಸ ಗಿಟಾರನ್ನೇ ಬೇಕೆಂದು ಸವೆಸಿ, ಗೀಚಿ, ತುಕ್ಕು ಹಿಡಿಸಿ ಮಾರಲು ಆರಂಭಿಸಿತು! ನಿಜವಾದ ಸವೆತಕ್ಕೂ ಮಾಡಿದ ಸವೆತಕ್ಕೂ ಅಂತರ ಕಂಡುಹಿಡಿಯುವ ಬಗೆ ಒಂದಿದೆ. ನಿಜವಾದ ಸವೆತಕ್ಕೆ ಮೈಯ ಚಲನೆ ಕಾರಣ. ಎಲ್ಲಿ ಕೈ ಮತ್ತೆ ಮತ್ತೆ ಬೀಳುತ್ತದೋ ಅಲ್ಲಿ ಹೆಚ್ಚು, ಅಲ್ಲಿಂದ ಸುತ್ತಲೂ ಮೆಲ್ಲಗೆ ಕಡಿಮೆಯಾಗುತ್ತ ಹೋಗುತ್ತದೆ. ಉಸುಕು ಕಾಗದದ ಸವೆತಕ್ಕೆ ಅಂಥ ಇಳಿಜಾರು ಸುಲಭವಾಗಿ ಬರುವುದಿಲ್ಲ; ಕೈ ಎಂದೂ ಮುಟ್ಟದ ಕಡೆಯಲ್ಲೂ ಅದು ಇರಬಹುದು.

ಹಳೆಯದಾದರೆ ದನಿ ಹೆಚ್ಚು ಇಂಪಾಗುತ್ತದೆಯೇ? ಹೌದೆಂದು ಹೇಳುವವರು ಬಹಳ. ಫ್ರಾನ್ಸಿನ ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದಲ್ಲಿ 21 ಮಂದಿ ಪಿಟೀಲು ವಾದಕರಿಗೆ ಮಬ್ಬು ಬೆಳಕಿನಲ್ಲಿ, ಗುರುತು ಸಿಗದಂತೆ, ಮೂರು ಹೊಸ ಪಿಟೀಲುಗಳನ್ನೂ ಮೂರು ಹಳೆಯ ಅಮೂಲ್ಯ ಇಟಾಲಿಯನ್ ಪಿಟೀಲುಗಳನ್ನೂ ಕೊಟ್ಟು ಪರೀಕ್ಷಿಸಿದರು. ಯಾವುದು ಹಳೆಯದು, ಯಾವುದು ಹೊಸದು ಎಂದು ಹೆಚ್ಚಿನವರಿಗೆ ಹೇಳಲಾಗಲಿಲ್ಲ; ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ಹೊಸ ಪಿಟೀಲು. ಹಳೆಯ ಪೇಟಿಯನ್ನೋ ಏಕತಾರಿಯನ್ನೋ ಉಳಿಸಿಕೊಳ್ಳಬೇಕು ಎನ್ನುವವರು ಈ ಮಾತನ್ನು ಒಪ್ಪಿಕೊಂಡೇ ಮಾತಾಡಬೇಕು. ದನಿಯ ಇಂಪಿಗಾಗಿ ಎಂದು ಹೇಳಿದರೆ ವಾದ ನಿಲ್ಲದು. ಅದರ ಮೇಲೆ ಬರೆದಿರುವ ಕೈಯ ದಾಖಲೆಗಾಗಿ ಎಂದರೆ ನಿಲ್ಲುತ್ತದೆ.

ಜೇವರ್ಗಿ: ಪದಗಳು ಉಳಿದವು, ದನಿ?

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟರೆ ಭೀಮೆಯ ಸೇತುವೆ ದಾಟಿ ಜೇವರ್ಗಿ. ಇದು ತತ್ವಪದಗಳ ಸೀಮೆ. ಕಡಕೋಳದ ಮಡಿವಾಳಪ್ಪನವರು ಸುಮಾರು ಇನ್ನೂರು ವರ್ಷಗಳ ಹಿಂದೆ ಜಾತಿಯ ಕಟ್ಟು, ಒಣ ಆಚಾರಗಳನ್ನು ಒಪ್ಪದೆ, ಆಡುಮಾತಿನಲ್ಲಿ ಪದ ಕಟ್ಟಿ ಹಾಡಿದವರು. ಕಡಕೋಳ ಮೊದಲು ಜೇವರ್ಗಿ ತಾಲ್ಲೂಕಿನಲ್ಲಿತ್ತು. ಹೊಸದಾಗಿ ರಚನೆಯಾದ ಯಡ್ರಾಮಿ ತಾಲ್ಲೂಕಿಗೆ ಈಗ ಸೇರಿದೆ. ಚೆನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದ ಶಿಷ್ಯರು ಆ ದಾರಿಯನ್ನು ಮುಂದುವರಿಸಿದರು. ಗುರು ಒಂದು ಕುಲ, ಶಿಷ್ಯ ಇನ್ನೊಂದು ಕುಲ. ಹಿಡಿದ ಏಕತಾರಿ ಮಾತ್ರ ಒಂದೇ. ದೇಹವನ್ನು ತಂಬೂರಿಗೆ ಹೋಲಿಸಿ, ಸವೆಯುವ ಮುನ್ನ ನುಡಿಸಿಕೋ ಎನ್ನುವ ಭಾವ ತತ್ವಪದಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಪದಗಳು ಬಹುಕಾಲ ಬಾಯಿಂದ ಬಾಯಿಗೆ, ಕೈಬರಹದ ವಹಿಯಿಂದ ವಹಿಗೆ ದಾಟಿ ಬಂದವು. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಕರ್ನಾಟಕದ ತತ್ವಪದಗಳನ್ನು ಹಲವು ಸಂಪುಟಗಳಲ್ಲಿ ಪ್ರಕಟಿಸಿದ ಮೇಲೆ ಅವು ಕಳೆದುಹೋಗುವ ಭಯ ಬಹುಮಟ್ಟಿಗೆ ದೂರವಾಗಿದೆ. ಆದರೆ ಪುಸ್ತಕದಲ್ಲಿ ಬರುವುದು ಮಾತು. ಯಾವ ಪಟ್ಟಿಯಲ್ಲಿ ಹಾಡುತ್ತಿದ್ದರು, ಯಾವ ನಡೆಯಲ್ಲಿ ಮೀಟುತ್ತಿದ್ದರು, ಎಲ್ಲಿ ಒತ್ತಿ ಎಲ್ಲಿ ಬಿಡುತ್ತಿದ್ದರು ಎಂಬುದು ಬರುವುದಿಲ್ಲ. ಟೇಪ್ ರೆಕಾರ್ಡರ್ ಹಳ್ಳಿಗೆ ಬರುವ ಮೊದಲೇ ತೀರಿಹೋದ ಹಾಡುಗಾರರ ದನಿಗೆ ಸಾಕ್ಷಿ ಎಂದರೆ ಕೇಳಿದವರ ನೆನಪು ಮತ್ತು ಅವರ ವಾದ್ಯ. ಕೇಳಿದವರು ಎಂಬತ್ತು ದಾಟಿದ್ದಾರೆ. ವಾದ್ಯ ಗೂಟದ ಮೇಲಿದೆ, ಇನ್ನೂ ಇದ್ದರೆ.

“ಇನ್ನೂ ಇದ್ದರೆ” ಎನ್ನಲು ಕಾರಣವಿದೆ. ಜಾತ್ರೆ ಹತ್ತಿರ ಬಂದಾಗ ಗುಡಿಗೆ ಸುಣ್ಣ ಬಣ್ಣ ಆಗುತ್ತದೆ. ಉಳಿದ ಎನಾಮೆಲ್ ಬಣ್ಣವನ್ನು ಭಕ್ತಿಯಿಂದಲೇ ಏಕತಾರಿಯ ಬುರುಡೆಗೂ ಪೇಟಿಗೂ ಬಳಿಯಲಾಗುತ್ತದೆ. ಬಳಿಯುವ ಮೊದಲು ಚೆನ್ನಾಗಿ ಹಿಡಿಯಲಿ ಎಂದು ಉಸುಕು ಕಾಗದದಿಂದ ತಿಕ್ಕುತ್ತಾರೆ. ನಲವತ್ತು ವರ್ಷದ ಬೆರಳಿನ ಗುರುತು ಹತ್ತು ನಿಮಿಷದಲ್ಲಿ ಹೋಗುತ್ತದೆ. ತೆಳುವಾದ ಬುರುಡೆಯ ಮೇಲೆ ದಪ್ಪ ಬಣ್ಣ ಕುಳಿತರೆ ಅದರ ತೂಕ ಹೆಚ್ಚಿ ಕಂಪನ ಅಡಗುತ್ತದೆ. ದನಿಗೂ ಅದರಿಂದ ಲಾಭವಿಲ್ಲ. ಇನ್ನೊಂದು ಕಡೆ, ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ, ಕೀಬೋರ್ಡು ಬಂದ ಮೇಲೆ ಹಳೆಯ ಪೇಟಿ ಮೋಡಕಾ ವ್ಯಾಪಾರಿಯ ತಕ್ಕಡಿ ಹತ್ತುತ್ತದೆ. ಹಿತ್ತಾಳೆಗೆ ಒಂದು ದರ, ಕಟ್ಟಿಗೆಗೆ ಏನೂ ಇಲ್ಲ. ಹೊಸ ಸಾಧನಗಳನ್ನು ದೂರಬೇಕಿಲ್ಲ. ಸೋರದ, ಸ್ವರ ತಪ್ಪದ ಪೆಟ್ಟಿಗೆಯಿಂದ ಕಲಿಯುವ ಮಕ್ಕಳಿಗೆ ಅನುಕೂಲವೇ ಆಗಿದೆ. ಹೊಸದು ಬಂದಿತೆಂದು ಹಳೆಯದನ್ನು ತೂಕಕ್ಕೆ ಹಾಕಬೇಕಿಲ್ಲ, ಅಷ್ಟೇ.

ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು

ಹಳೆಯದೆಲ್ಲ ಹೊನ್ನಲ್ಲ ಎಂಬ ಎಚ್ಚರವೂ ಇರಬೇಕು. ನುಡಿಯಬೇಕಾದ ಭಾಗ ನುಡಿಯುವಂತಿರಬೇಕು. ತುಕ್ಕು ಹಿಡಿದ ತಂತಿ, ಹರಿದ ತಿದಿ, ಮುರಿದ ನಾಲಿಗೆ, ಕರಣೆ ಉದುರಿದ ಪುಡಿ ಇವನ್ನು ಬದಲಿಸುವುದೇ ಸರಿ. ಹುಳ ಹಿಡಿದ ಮರಕ್ಕೆ ಮದ್ದು ಮಾಡಿಸಬೇಕು. ಆದರೆ ಕೈ ತಾಗಿ ನುಣುಪಾದ ಕೋಲು, ತಗ್ಗಾದ ಮನೆಗಳು, ಮೆರುಗು ಹೋದ ಅಂಚು ಇವು ವಾದ್ಯಕ್ಕೆ ಬಂದ ರೋಗವಲ್ಲ. ಅವನ್ನು ಹಾಗೆಯೇ ಬಿಡಬೇಕು. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಒಲೆಯ ಹೊಗೆ, ನೇರ ಬಿಸಿಲು, ತೇವದ ಗೋಡೆ ಈ ಮೂರರಿಂದ ದೂರವಿಟ್ಟರೆ ವಾದ್ಯ ಇನ್ನೂ ಒಂದು ತಲೆಮಾರು ಬಾಳುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ, ಖರ್ಚು ಬಹಳವಿಲ್ಲ. ಮನೆಯವರ ಅಥವಾ ಗುಡಿಯ ಹಿರಿಯರ ಒಪ್ಪಿಗೆ ಪಡೆದು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಕಿಟಕಿಯ ಓರೆ ಬೆಳಕಿನಲ್ಲಿ ವಾದ್ಯದ ನಾಲ್ಕೂ ಮಗ್ಗುಲಿನ ಫೋಟೋ ತೆಗೆಯಬಹುದು. ಪೇಟಿಯ ಮನೆಗಳ ಚಿತ್ರ ಬರೆದು ಸವೆದವುಗಳಿಗೆ ಮಾತ್ರ ಬಣ್ಣ ತುಂಬಿದರೆ ಹಾಡುಗಾರನ ಪಟ್ಟಿ ಕಣ್ಣಿಗೆ ಕಾಣುತ್ತದೆ. ಈಗಿನ ಮೊಬೈಲು ಫೋನಿನಲ್ಲಿ ಕಂಪನಸಂಖ್ಯೆ ತೋರಿಸುವ ಉಚಿತ ತಂತ್ರಾಂಶಗಳಿವೆ. ಒಂದೊಂದೇ ಮನೆ ಒತ್ತಿ ಅಂಕಿ ಬರೆದುಕೊಳ್ಳಬಹುದು. ನಾಲಿಗೆಗಳು ಕಾಲಕ್ರಮದಲ್ಲಿ ಇಳಿದಿರುತ್ತವೆ ಎಂಬುದನ್ನು ಮರೆಯದೆ ಆ ಅಂಕಿಗಳನ್ನು ಓದಬೇಕು. ವಾದ್ಯ ಯಾರದು, ಎಲ್ಲಿಂದ ತಂದದ್ದು, ಯಾರು ಎಷ್ಟು ವರ್ಷ ನುಡಿಸಿದರು, ಯಾವ ಪದವನ್ನು ಮೊದಲು ಎತ್ತಿಕೊಳ್ಳುತ್ತಿದ್ದರು ಎಂದು ಮುತ್ಯಾ, ಆಯಿಯರನ್ನು ಕೇಳಿ ಒಂದು ವಹಿಯಲ್ಲಿ ಬರೆದಿಟ್ಟರೆ ಶಾಲೆಯ ವಿಜ್ಞಾನ ಯೋಜನೆಯೂ ಆಯಿತು, ಊರಿನ ಇತಿಹಾಸವೂ ಆಯಿತು.

ತಂದೆತಾಯಿಗಳ ಪಾಲಿನ ಕೆಲಸ ಇನ್ನೂ ಚಿಕ್ಕದು. ಮಕ್ಕಳು ಹಳೆಯ ಪೇಟಿಯ ಮುಂದೆ ಕುಳಿತು ಮನೆ ಎಣಿಸುತ್ತಿದ್ದರೆ “ಪುಸ್ತಕ ಓದಿಕೋ” ಎಂದು ಎಬ್ಬಿಸದಿದ್ದರೆ ಸಾಕು. ಜಾತ್ರೆಯ ಮುನ್ನಾದಿನ ಬಣ್ಣದ ಡಬ್ಬಿ ತೆರೆದವರಿಗೆ, “ಗುಡಿಗೆ ಹಚ್ಚ್ರೀ ಕಾಕಾ, ಏಕತಾರಿ ಹಂಗೇ ಇರ್ಲಿ” ಎಂದು ಹೇಳುವ ಧೈರ್ಯ ಊರಿನ ಒಬ್ಬ ಹುಡುಗನಿಗೋ ಹುಡುಗಿಗೋ ಬಂದರೆ ಆ ಊರಿನ ಹಾಡುಗಾರರ ಬೆರಳಚ್ಚು ಇನ್ನಷ್ಟು ವರ್ಷ ಉಳಿಯುತ್ತದೆ.